ನೆನೆದ ನೆಲ, ತಡವಾದ ವಸಂತ

ಮಳೆಗಾಗಿ ಆಕಾಶವನ್ನು ನೋಡುತ್ತ ಕುಳಿತ ರೈತನ ಚಿತ್ರ ನಮಗೆ ಚಿರಪರಿಚಿತವಾದುದು. ಆದರೆ ಮಳೆ ನಿಲ್ಲಲಿ, ನೆಲ ಒಣಗಲಿ, ಆಮೇಲೆ ಬಿತ್ತೋಣವೆಂದು ಬೀಜದ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ವಾರಗಟ್ಟಲೆ ಕಾಯುವವನ ಚಿತ್ರ ನಮ್ಮಲ್ಲಿ ಅನೇಕರಿಗೆ ಹೊಸದಾಗಿ ತೋರಬಹುದು. ಇಂಗ್ಲೆಂಡಿನಲ್ಲಿ ಕೆಲವು ವರ್ಷ ಮಾರ್ಚಿಯಿಂದ ಮೇ ತಿಂಗಳವರೆಗೆ ಈ ಕಾಯುವಿಕೆಯೇ ಬೇಸಾಯದ ಮುಖ್ಯ ಕೆಲಸವಾಗಿಬಿಡುತ್ತದೆ.

ಅಲ್ಲಿ ಪಟ್ಟಣವಾಸಿಗಳು ಮನೆಗೆ ಬೇಕಾದ ತರಕಾರಿಯನ್ನು ತಾವೇ ಬೆಳೆದುಕೊಳ್ಳುವುದಕ್ಕಾಗಿ ಸ್ಥಳೀಯ ಆಡಳಿತ ಸಂಸ್ಥೆಗಳಿಂದ ಸಣ್ಣ ತುಂಡುನೆಲಗಳನ್ನು ಗೇಣಿಗೆ ಪಡೆಯುವ ಪದ್ಧತಿಯುಂಟು. ಇವಕ್ಕೆ ಅಲಾಟ್‌ಮೆಂಟ್ ಎಂದು ಹೆಸರು. 1908ರ ಶಾಸನವೊಂದು ಇಂಥ ನೆಲವನ್ನು ಒದಗಿಸುವ ಹೊಣೆಯನ್ನು ಆ ಸಂಸ್ಥೆಗಳ ಮೇಲೆ ಹೊರಿಸಿತು. ವಾಡಿಕೆಯ ಅಳತೆ ಸುಮಾರು 250 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಇಷ್ಟರಲ್ಲೇ ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್, ಬಟಾಣಿ, ಹುರುಳಿಕಾಯಿಗಳೆಲ್ಲ ಬೆಳೆಯಬೇಕು. ನೆಲವನ್ನು ಪಾಳುಬಿಟ್ಟರೆ ಗೇಣಿ ರದ್ದಾಗುವ ಷರತ್ತು ಸಾಮಾನ್ಯವಾಗಿ ಕರಾರಿನಲ್ಲೇ ಇರುತ್ತದೆ. ಬೆಳೆಯುವ ಕಾಲವೋ ಚಿಕ್ಕದು. ಆದುದರಿಂದ ಏಪ್ರಿಲ್ ಮುಗಿಯುತ್ತ ಬಂದರೂ ಮಡಿಗಳು ಕೆಸರಾಗಿಯೇ ಇದ್ದರೆ ಗೇಣಿದಾರನಿಗೆ ಚಡಪಡಿಕೆ ಆರಂಭವಾಗುವುದು ಸಹಜ. ಈ ಚಡಪಡಿಕೆಯಲ್ಲಿ ಅವನು ಮಾಡುವ ಒಂದೆರಡು ತಪ್ಪುಗಳು ಮಳೆ ಮಾಡಿದ ಹಾನಿಗಿಂತ ದೊಡ್ಡವಾಗಬಹುದು.

2024ರ ವಸಂತವನ್ನು ನೋಡೋಣ. 2022ರ ಅಕ್ಟೋಬರಿನಿಂದ 2024ರ ಮಾರ್ಚಿಯವರೆಗಿನ ಹದಿನೆಂಟು ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಬಿದ್ದಷ್ಟು ಮಳೆ, 1836ರಿಂದ ಇಟ್ಟಿರುವ ದಾಖಲೆಗಳಲ್ಲಿ, ಬೇರಾವ ಹದಿನೆಂಟು ತಿಂಗಳಲ್ಲೂ ಬಿದ್ದುದಿಲ್ಲ. ಅದರ ಬೆನ್ನಿಗೇ ಬಂದ ವಸಂತವೂ ಮಳೆಗಾಲದಂತೆಯೇ ಇದ್ದಿತು. ಸೋಜಿಗದ ಸಂಗತಿಯೆಂದರೆ, ಗಾಳಿಯ ಸರಾಸರಿ ಉಷ್ಣತೆಯನ್ನು ನೋಡಿದರೆ ಬ್ರಿಟನ್ನಿನಲ್ಲಿ ಅದುವರೆಗೆ ದಾಖಲಾದ ವಸಂತಗಳಲ್ಲೆಲ್ಲ ಅದೇ ಅತ್ಯಂತ ಬೆಚ್ಚಗಿನದು. (ಮರುವರ್ಷ, 2025ರ ವಸಂತ, ಅದನ್ನೂ ಮೀರಿಸಿತು.) ಉಷ್ಣಮಾಪಕ ಬೆಚ್ಚಗಿದೆ ಎನ್ನುತ್ತಿದೆ, ನೆಲ ಮಾತ್ರ ಬಿತ್ತನೆಗೆ ಬಾರದು. ಇದು ಹೇಗೆ?

ಉತ್ತರದ ಒಂದು ಭಾಗ ಆಕಾಶದಲ್ಲಿದೆ. ಆ ವಸಂತದಲ್ಲಿ ಮೋಡ ಹೆಚ್ಚು, ಬಿಸಿಲು ಕಡಿಮೆ. ಮೋಡದ ಹೊದಿಕೆ ರಾತ್ರಿಯ ಚಳಿಯನ್ನು ತಗ್ಗಿಸಿ ಸರಾಸರಿಯನ್ನು ಮೇಲಕ್ಕೆ ಎತ್ತಿತು. ಆದರೆ ನೆಲವನ್ನು ಒಣಗಿಸುವುದು ರಾತ್ರಿಯ ಬೆಚ್ಚನೆಯಲ್ಲ, ಹಗಲಿನ ಬಿಸಿಲು ಮತ್ತು ಒಣಗಾಳಿ. ಉತ್ತರದ ಮುಖ್ಯ ಭಾಗವಾದರೋ ಮಣ್ಣಿನೊಳಗೇ ಅಡಗಿದೆ.

ಒಂದು ಚದರ ಮೀಟರು ನೆಲದಲ್ಲಿ ಮೇಲಿನ ಹತ್ತು ಸೆಂಟಿಮೀಟರಿನ ಪದರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇದರಲ್ಲಿ ಒಣಮಣ್ಣು ಸುಮಾರು 130 ಕಿಲೋಗ್ರಾಂ ಇರುತ್ತದೆ. ಮಣ್ಣಿನ ವಿಶಿಷ್ಟೋಷ್ಣ ನೀರಿನದರ ಐದನೆಯ ಒಂದು ಭಾಗ ಮಾತ್ರ. ಆದುದರಿಂದ ಇದನ್ನು ಒಂದು ಡಿಗ್ರಿ ಬಿಸಿಮಾಡಲು 26 ಕಿಲೋಕ್ಯಾಲೊರಿ ಶಾಖ ಸಾಕು. ಹದವಾದ ತೇವವಿದ್ದಾಗ ಇದೇ ಪದರದಲ್ಲಿ 25 ಕಿಲೋಗ್ರಾಂ ನೀರಿದ್ದರೆ, ಒಟ್ಟು ಬೇಕಾದ ಶಾಖ 51. ರಂಧ್ರಗಳೆಲ್ಲ ತುಂಬಿ 50 ಕಿಲೋಗ್ರಾಂ ನೀರು ನಿಂತರೆ 76. ಎಂದರೆ ನೆನೆದ ನೆಲವನ್ನು ಬಿಸಿಮಾಡಲು ಸೂರ್ಯನಿಗೆ ಒಂದೂವರೆ ಪಟ್ಟು ಕೆಲಸ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಇದು ಕಥೆಯ ಸಣ್ಣ ಭಾಗ.

ಬೇಸಗೆಯಲ್ಲಿ ಮಣ್ಣಿನ ಹೂಜಿಯಲ್ಲಿಟ್ಟ ನೀರು ಏಕೆ ತಣ್ಣಗಾಗುತ್ತದೆ? ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕದ್ದೊಯ್ಯುತ್ತದೆ. ನೆನೆದ ನೆಲವೆಂಬುದು ಮೈಲಿಗಟ್ಟಲೆ ಹರಡಿದ ಹೂಜಿ! ಮೇಲೆ ಹೇಳಿದ ಒಂದು ಚದರ ಮೀಟರಿನಿಂದ ಕೇವಲ ಒಂದು ಮಿಲಿಮೀಟರು ನೀರು, ಎಂದರೆ ಒಂದು ಕಿಲೋಗ್ರಾಂ, ಆವಿಯಾಗಬೇಕಾದರೆ ಸುಮಾರು 590 ಕಿಲೋಕ್ಯಾಲೊರಿ ಗುಪ್ತೋಷ್ಣ ಬೇಕು. ಇಷ್ಟು ಶಾಖದಿಂದ ನೀರು ತುಂಬಿದ ಆ ಹತ್ತು ಸೆಂಟಿಮೀಟರಿನ ಪದರವನ್ನು ಹೆಚ್ಚು ಕಡಿಮೆ ಎಂಟು ಡಿಗ್ರಿ ಬಿಸಿಮಾಡಬಹುದಾಗಿತ್ತು. ಬಿಸಿಲು ಬಂದರೂ ಅದರ ಹೆಚ್ಚಿನ ಪಾಲು ನೆಲವನ್ನು ಬೆಚ್ಚಗೆ ಮಾಡದೆ ನೀರನ್ನು ಹಾರಿಸುವುದರಲ್ಲೇ ವ್ಯಯವಾಗುತ್ತದೆ. ಮೇಲ್ಪದರ ಒಣಗಿದ ಮೇಲೆಯೇ ನೆಲದ ಉಷ್ಣತೆ ಸರಸರನೆ ಏರತೊಡಗುವುದು.

ತಣ್ಣನೆಯ ನೆಲದಲ್ಲಿ ಬೀಜಕ್ಕೆ ಏನಾಗುತ್ತದೆ? ಕ್ಯಾರೆಟ್ ಬೀಜ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ವಾರದಲ್ಲಿ ಮೊಳೆತು ಮೇಲೇಳುತ್ತದೆ. 15 ಡಿಗ್ರಿಯಲ್ಲಿ ಸುಮಾರು 10 ದಿನ, 10 ಡಿಗ್ರಿಯಲ್ಲಿ 17 ದಿನ. 5 ಡಿಗ್ರಿಯಲ್ಲಾದರೋ 50 ದಿನಗಳೇ ಹಿಡಿಯುತ್ತವೆ. ಏಪ್ರಿಲ್ 1ರಂದು 5 ಡಿಗ್ರಿಯ ನೆಲದಲ್ಲಿ ಬಿತ್ತಿದ ಬೀಜ ಮೇ 20ರ ಹೊತ್ತಿಗೆ ಕಾಣಿಸಿಕೊಂಡರೆ, ಮೇ 1ರಂದು 15 ಡಿಗ್ರಿಯ ನೆಲದಲ್ಲಿ ಬಿತ್ತಿದುದು ಮೇ 11ಕ್ಕೇ ಕಾಣಿಸಿಕೊಳ್ಳುತ್ತದೆ. ವಾಸ್ತವದಲ್ಲಿ ದಿನ ಕಳೆದಂತೆ ನೆಲ ಅಷ್ಟಿಷ್ಟು ಬೆಚ್ಚಗಾಗುವುದರಿಂದ ಅಂತರ ಇಷ್ಟಿರದು. ಆದರೂ ಅವಸರಪಟ್ಟವನು ಗಳಿಸಿದ್ದು ಬಹಳ ಕಡಿಮೆ. ಕಳೆದುಕೊಳ್ಳುವುದು ಮಾತ್ರ ಹೆಚ್ಚು. ಏಕೆಂದರೆ ಆ ಐವತ್ತು ದಿನವೂ ಬೀಜ ಮಣ್ಣಿನಲ್ಲಿ ಸುಮ್ಮನೆ ಮಲಗಿರುವುದಿಲ್ಲ. ಅದು ಉಸಿರಾಡಬೇಕು. ಆಮ್ಲಜನಕವು ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ರಂಧ್ರಗಳಲ್ಲಿ ನೀರು ತುಂಬಿದ ಮಣ್ಣಿನೊಳಗೆ ಬೀಜ ಉಸಿರುಕಟ್ಟಿದ ಸ್ಥಿತಿಯಲ್ಲಿರುತ್ತದೆ. ಇದೇ ಸಮಯಕ್ಕೆ ಕಾಯುತ್ತಿರುವುದು ಪಿಥಿಯಮ್ ಎಂಬ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿ. ಇದರ ಬೀಜಕಗಳಿಗೆ ಬಾಲವುಂಟು; ಮಣ್ಣಿನ ನೀರಿನಲ್ಲಿ ಅವು ಈಜಿಕೊಂಡೇ ಬಂದು ಮೊಳಕೆಯನ್ನು ಸೇರುತ್ತವೆ.

ಹುರುಳಿಕಾಯಿಯ ಬೀಜಕ್ಕೆ ಇನ್ನೊಂದು ಅಪಾಯವಿದೆ. ಒಣಬೀಜದ ಜೀವಕೋಶಗಳ ಪೊರೆಗಳು ಸುಕ್ಕುಗಟ್ಟಿ ಅಸ್ತವ್ಯಸ್ತವಾಗಿರುತ್ತವೆ. ಬೀಜ ನೀರು ಕುಡಿದಂತೆ ಅವು ಮತ್ತೆ ಸರಿಯಾಗಿ ಜೋಡಣೆಗೊಳ್ಳಬೇಕು. ಬೀಜ ನೀರು ಹೀರುವ ಮೊದಲ ಕೆಲವು ಗಂಟೆಗಳಲ್ಲಿ ಆ ನೀರು ತೀರ ತಣ್ಣಗಿದ್ದರೆ ಈ ಜೋಡಣೆ ಕೆಡುತ್ತದೆ. ಪೊರೆಯ ಬಿರುಕುಗಳಿಂದ ಒಳಗಿನ ಸಕ್ಕರೆ ಹೊರಕ್ಕೆ ಸೋರಿ ರೋಗಾಣುಗಳಿಗೆ ಔತಣವಾಗುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಆದ ಹಾನಿ ಆಗಿಹೋಯಿತು. ಬಟಾಣಿ ಮತ್ತು ಬ್ರಾಡ್ ಬೀನ್ಸ್ 5 ಡಿಗ್ರಿಯನ್ನು ಹೇಗೋ ಸಹಿಸಿಕೊಳ್ಳುವುವು. ಹುರುಳಿಕಾಯಿಗೂ ಮುಸುಕಿನ ಜೋಳಕ್ಕೂ 10ರಿಂದ 12 ಡಿಗ್ರಿಯಾದರೂ ಬೇಕು. ಬೀಟ್‌ರೂಟ್ ಮೊಳೆಯುವುದೇನೋ ಮೊಳೆಯುತ್ತದೆ. ಆದರೆ ಎಳವೆಯಲ್ಲಿ ವಾರಗಟ್ಟಲೆ ಚಳಿಯನ್ನುಂಡ ಗಿಡ ಅದನ್ನೇ ಚಳಿಗಾಲವೆಂದು ಎಣಿಸಿ, ಹಗಲು ದೀರ್ಘವಾದೊಡನೆ ಗೆಡ್ಡೆ ಕಟ್ಟುವ ಬದಲು ಹೂವಿನ ಕಾಂಡವನ್ನೆತ್ತಿಬಿಡುತ್ತದೆ.

ನಮ್ಮ ಹಳ್ಳಿಗಳಲ್ಲಿ ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು ಎನ್ನುತ್ತಾರೆ. ಇಂಗ್ಲೆಂಡಿನ ಗೇಣಿದಾರನಿಗೂ ಬೇಕಾದುದು ಇದೇ ಹದ. ಆದರೆ ಅವನು ಅದನ್ನು ಒದ್ದೆಯ ಕಡೆಯಿಂದ ಸಮೀಪಿಸುತ್ತಾನೆ. ಅದನ್ನು ಕಂಡುಹಿಡಿಯುವ ಪರೀಕ್ಷೆ ಸುಲಭ. ಒಂದು ಹಿಡಿ ಮಣ್ಣನ್ನು ಅಮುಕಿ ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡಿರಿ. ಅದು ಪುಡಿಯಾದರೆ ಹದ ಬಂದಿದೆ. ಚಪ್ಪಟೆಯಾಗಿ ಕುಳಿತರೆ ಇನ್ನೂ ಕಾಯಬೇಕು. ಬೂಟಿಗೆ ಮಣ್ಣು ಮೆತ್ತಿಕೊಂಡರೆ ಆ ದಿನ ನೆಲಕ್ಕೆ ಇಳಿಯುವುದೇ ಬೇಡ ಎಂಬುದು ಅಲ್ಲಿನ ತೋಟಗಾರರ ಮಾತು. ಉಷ್ಣತೆಯ ಪರೀಕ್ಷೆಗೆ ಹಿಂದಿನ ಕಾಲದ ರೈತರು ಷರಾಯಿ ಕಳಚಿ ನೆಲದ ಮೇಲೆ ಕುಳಿತು ನೋಡುತ್ತಿದ್ದರಂತೆ! ನಿಜವೋ ವಿನೋದವೋ, ಇಂದು ಹತ್ತು ಸೆಂಟಿಮೀಟರು ಆಳಕ್ಕೆ ಚುಚ್ಚುವ ಉಷ್ಣಮಾಪಕ ಈ ಸಾಹಸವನ್ನು ಅನಾವಶ್ಯಕಗೊಳಿಸಿದೆ.

ಬೂಟಿನ ಮಾತು ಅಂಧಶ್ರದ್ಧೆಯಲ್ಲ. ಜೇಡಿಮಣ್ಣಿನ ಕಣಗಳು ಅತಿ ತೆಳುವಾದ ಬಿಲ್ಲೆಗಳಂತಿವೆ. ಒಣಗಿದ್ದಾಗ ಅವು ಒಂದಕ್ಕೊಂದು ಅಂಟಿ ಬಿಗಿಯಾಗಿ ನಿಲ್ಲುತ್ತವೆ. ನೆನೆದಾಗ ನೀರು ಎಣ್ಣೆಯಂತೆ ಕೆಲಸ ಮಾಡಿ, ಒತ್ತಡ ಬಿದ್ದೊಡನೆ ಬಿಲ್ಲೆಗಳು ಜಾರಿ ಒಂದರ ಮೇಲೊಂದು ಕುಳಿತುಬಿಡುತ್ತವೆ. ಗಾಳಿಯೂ ನೀರೂ ಓಡಾಡುವ ದೊಡ್ಡ ರಂಧ್ರಗಳು ಮುಚ್ಚುತ್ತವೆ. ಬೇಸಗೆಯಲ್ಲಿ ಅದೇ ಮಣ್ಣು ಇಟ್ಟಿಗೆಯಾಗುತ್ತದೆ. ಕೆಸರನ್ನು ಸನಿಕೆಯಿಂದ ಅಗೆದರೂ ಫಲ ಇದೇ. ಒಂದು ದಿನದ ಅವಸರದಿಂದ ಇಡೀ ವರ್ಷದ ಬೆಳೆಗೆ ಪೆಟ್ಟು ಬೀಳುವುದು ಇಲ್ಲಿಯೇ. ಅನಿವಾರ್ಯವಾದರೆ ಹಲಗೆ ಹಾಸಿ ಅದರ ಮೇಲೆ ನಿಲ್ಲಬೇಕು. 70 ಕಿಲೋಗ್ರಾಂ ತೂಕದ ಮನುಷ್ಯನ ಎರಡು ಪಾದಗಳು ಸುಮಾರು 400 ಚದರ ಸೆಂಟಿಮೀಟರನ್ನು ಆವರಿಸಿದರೆ ಒತ್ತಡ ಚದರ ಸೆಂಟಿಮೀಟರಿಗೆ 175 ಗ್ರಾಂ. ಎರಡು ಮೀಟರು ಉದ್ದ, 20 ಸೆಂಟಿಮೀಟರು ಅಗಲದ ಹಲಗೆಯ ಮೇಲೆ ಅದು ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಮಣ್ಣಿಗೆ ಮರಳು ಬೆರೆಸಿದರೆ ನೀರು ಬಸಿಯುವುದೆಂದು ಕೆಲವರು ಸಲಹೆ ಕೊಡುವುದುಂಟು. ಲೆಕ್ಕ ಹಾಕಿದವರು ಈ ಸಲಹೆಯನ್ನು ಕೊಡಲಾರರು. 250 ಚದರ ಮೀಟರಿನ ನೆಲದ ಮೇಲಿನ 20 ಸೆಂಟಿಮೀಟರಿಗೆ ಅದರ ಕಾಲುಭಾಗದಷ್ಟು ಮರಳು ಸೇರಿಸಬೇಕಾದರೆ 20 ಟನ್ ಬೇಕು! ಕಾಂಪೋಸ್ಟ್ ಗೊಬ್ಬರ ಇದಕ್ಕಿಂತ ಎಷ್ಟೋ ಮೇಲು. ಅದು ಬಿಲ್ಲೆಗಳನ್ನು ಹರಳುಗಳಾಗಿ ಕೂಡಿಸಿ ನಡುವೆ ದಾರಿ ಬಿಡುತ್ತದೆ. ಆದರೆ ಇದಕ್ಕೆ ವರ್ಷಗಳು ಹಿಡಿಯುವುವು. ಈ ವಸಂತಕ್ಕೇ ಬೇಕಾದ ಉಪಾಯವೆಂದರೆ ಎತ್ತರದ ಮಡಿ. ಅದು ಹೇಗೆ ಕೆಲಸ ಮಾಡುವುದೆಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಬಹುದು. ಆಯತಾಕಾರದ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ, ಹಿಂಡದೆ, ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಬಸಿಯುತ್ತದೆ! ರಂಧ್ರಗಳು ಅವೇ, ನೀರಿನ ಕಂಬದ ಎತ್ತರ ಹೆಚ್ಚಿತು, ಅಷ್ಟೆ. ಮಡಿಯನ್ನು ಒಂದು ಗೇಣು ಎತ್ತರಿಸಿದಾಗಲೂ ಮೇಲ್ಭಾಗದ ದೊಡ್ಡ ರಂಧ್ರಗಳಿಂದ ನೀರು ಕೆಳಗಿಳಿದು ಗಾಳಿ ಒಳಹೋಗುವುದು ಹೀಗೆಯೇ.

ಇನ್ನೊಂದು ಉಪಾಯ ಹೊದಿಕೆ. ಪ್ಯಾರಿಸಿನ ಸುತ್ತಣ ತರಕಾರಿ ಬೆಳೆಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಗಂಟೆಯಾಕಾರದ ಗಾಜಿನ ಮುಚ್ಚಳಗಳನ್ನು ಸಾಲುಸಾಲಾಗಿ ಕವುಚುತ್ತಿದ್ದರು. ಇಂದು ಪಾಲಿಥೀನ್ ಹಾಳೆ ಆ ಸ್ಥಾನಕ್ಕೆ ಬಂದಿದೆ. ಗಾಜು ಬಿಸಿಲನ್ನು ಒಳಬಿಟ್ಟು ನೆಲದ ಶಾಖಕಿರಣಗಳನ್ನು ಹೊರಬಿಡದಿರುವುದೇ ಬೆಚ್ಚನೆಗೆ ಕಾರಣವೆಂದು ಅನೇಕರು ತಿಳಿದಿದ್ದಾರೆ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಒಂದು ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ಶಾಖಕಿರಣಗಳನ್ನು ಧಾರಾಳವಾಗಿ ಹಾಯಗೊಡುವ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟನು. ಎರಡೂ ಹೆಚ್ಚು ಕಡಿಮೆ ಒಂದೇ ಉಷ್ಣತೆಗೆ ಏರಿದುವು. ಬಿಸಿಯಾದ ಗಾಳಿಯನ್ನು ಹಾರಿಹೋಗದಂತೆ ತಡೆಯುವುದೇ ಮುಚ್ಚಳದ ಮುಖ್ಯ ಕೆಲಸವೆಂದಾಯಿತು. ನಮ್ಮ ಪ್ರಸಂಗದಲ್ಲಿ ಅದಕ್ಕಿಂತಲೂ ದೊಡ್ಡ ಲಾಭ ಎರಡು: ಹೊಸ ಮಳೆ ನೆಲವನ್ನು ಸೇರುವುದಿಲ್ಲ, ಆವಿ ಹಾರಿಹೋಗದುದರಿಂದ ಗುಪ್ತೋಷ್ಣದ ಕಳವು ಕಡಿಮೆಯಾಗುತ್ತದೆ. ಬಿತ್ತನೆಗೆ ಕೆಲವು ವಾರ ಮೊದಲೇ ಹಾಳೆಯನ್ನು ಹಾಸಬೇಕು. ಕಪ್ಪು ಹಾಳೆ ಹೆಚ್ಚು ಕಾಯಿಸುವುದೆಂದು ನಮಗೆ ತೋರುತ್ತದೆ. ಆದರೆ ಕಪ್ಪು ಹಾಳೆ ತಾನು ಕಾಯುತ್ತದೆ, ಪಾರದರ್ಶಕ ಹಾಳೆ ನೆಲವನ್ನು ಕಾಯಿಸುತ್ತದೆ. ಅದರಡಿಯಲ್ಲಿ ಕಳೆಯೂ ಮೊಳೆಯುತ್ತದೆನ್ನುವುದು ನಿಜ. ಬಿತ್ತುವ ಮುನ್ನ ಅದನ್ನು ಮೇಲೆಮೇಲೆ ಕೆರೆದು ತೆಗೆದರೆ ಆ ಕಾಟವೂ ಮೊದಲೇ ತೀರುವುದು.

ಕಾಯುವ ಕಾಲವನ್ನು ಮನೆಯೊಳಗೆ ಉಪಯೋಗಿಸಬಹುದು. ಸಣ್ಣ ಗುಳಿಗಳ ತಟ್ಟೆಗಳಲ್ಲಿ ಸಸಿ ಎಬ್ಬಿಸಿ, ನೆಲ ಹದಕ್ಕೆ ಬಂದೊಡನೆ ನಾಟಿಮಾಡಿದರೆ ಮೂರು ನಾಲ್ಕು ವಾರ ಉಳಿಯುತ್ತದೆ. ಕ್ಯಾರೆಟ್ಟಿನಂತೆ ನಾಟಿಯನ್ನು ಸಹಿಸದ ಬೆಳೆಗಳಿಗೆ ಇಂಗ್ಲೆಂಡಿನ ವೆಲ್ಸ್‌ಬೋರ್ನ್‌ನಲ್ಲಿದ್ದ ತರಕಾರಿ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಒಂದು ಜಾಣ್ಮೆಯ ವಿಧಾನವನ್ನು ಬೆಳೆಸಿದರು. ಬೀಜವನ್ನು ಒದ್ದೆ ಕಾಗದದ ಮೇಲೆ ಬೆಚ್ಚಗೆ ಮೊಳಕೆ ಬರಿಸಿ, ಗಂಜಿಯಂಥ ಲೋಳೆಯಲ್ಲಿ ಕಲಸಿ, ಆ ಲೋಳೆಯನ್ನೇ ಸಾಲಿನಲ್ಲಿ ಹಿಂಡುವುದು. ಮನೆಯ ಮಟ್ಟಿಗೆ ಮೂಲೆ ಕತ್ತರಿಸಿದ ಪ್ಲಾಸ್ಟಿಕ್ ಚೀಲವೇ ಸಾಕಾದ ಉಪಕರಣ.

ಮಳೆ ನಿಂತು ಸಸಿಗಳು ಎದ್ದ ಮೇಲೆ ಎಲೆಗಳು ಹಳದಿಯಾಗಿ ಕಂಡರೆ ಗಾಬರಿಪಡಬೇಕಾದುದಿಲ್ಲ. ಜೇಡಿಯ ಕಣಗಳಂತೆ ನೈಟ್ರೇಟಿಗೂ ಋಣವಿದ್ಯುತ್ತಿರುವುದರಿಂದ ಮಣ್ಣು ಅದನ್ನು ಹಿಡಿದಿಡಲಾರದು. ಮಳೆ ಅದನ್ನು ಆಳಕ್ಕೆ ತೊಳೆದುಬಿಡುತ್ತದೆ. ಉಳಿದುದನ್ನು ಗಾಳಿಯಿಲ್ಲದ ಮಣ್ಣಿನ ಬ್ಯಾಕ್ಟೀರಿಯಾಗಳು ಆಮ್ಲಜನಕಕ್ಕಾಗಿ ಒಡೆದು, ಸಾರಜನಕವನ್ನು ಅನಿಲರೂಪದಲ್ಲಿ ಹೊರಕ್ಕೆ ಬಿಡುತ್ತವೆ. ಸಾರಜನಕದ ಗೊಬ್ಬರವನ್ನು ಇಂಥ ವರ್ಷ ಮಾರ್ಚಿಯಲ್ಲಿ ಸುರಿಯುವುದು ಹಳ್ಳಕ್ಕೆ ಸುರಿದಂತೆ. ಸಸಿ ಬೆಳೆಯತೊಡಗಿದ ಮೇಲೆ ಸ್ವಲ್ಪಸ್ವಲ್ಪವಾಗಿ ಕೊಡಬೇಕು.

ಒದ್ದೆಯ ವಸಂತದ ಇನ್ನೊಬ್ಬ ಅತಿಥಿ ಚಿಪ್ಪಿಲ್ಲದ ಬಸವನಹುಳು. ಒಂದು ರಾತ್ರಿಯಲ್ಲಿ ಒಂದು ಸಾಲು ಸಸಿಯನ್ನು ಮುಗಿಸಬಲ್ಲದು. ಇದನ್ನು ಕೊಲ್ಲಲು ಬಳಸುತ್ತಿದ್ದ ಮೆಟಾಲ್ಡಿಹೈಡ್ ವಿಷದ ಬಯಲು ಉಪಯೋಗವನ್ನು ಬ್ರಿಟನ್ನಿನಲ್ಲಿ 2022ರ ಏಪ್ರಿಲಿನಿಂದ ನಿಷೇಧಿಸಲಾಗಿದೆ. ಹುಳುವಿನ ಮೈಯನ್ನು ಹೊಕ್ಕು ಕೊಲ್ಲುವ ಸೂಕ್ಷ್ಮ ದುಂಡುಹುಳುಗಳನ್ನು ನೀರಿನಲ್ಲಿ ಬೆರೆಸಿ ಚಿಮುಕಿಸುವುದು ಈಗಿನ ಒಂದು ಕ್ರಮ; ಅದಕ್ಕೂ ನೆಲ 5 ಡಿಗ್ರಿಗಿಂತ ಬೆಚ್ಚಗಿರಬೇಕು.

ಇಷ್ಟೆಲ್ಲ ಆದಮೇಲೂ ತಡವಾಗಿ ಬಿತ್ತಿದವನಿಗೆ ಬೆಳೆ ಕೈಗೆ ಹತ್ತುವುದೇ? ಬಹುಮಟ್ಟಿಗೆ ಹತ್ತುತ್ತದೆ. ಜೂನಿನಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ಗಂಟೆಯಷ್ಟು ದೀರ್ಘ; ಬೆಚ್ಚನೆಯ ನೆಲದಲ್ಲಿ ಎದ್ದ ಸಸಿ, ಕೆಸರಿನಲ್ಲಿ ಮುದುಡಿ ನಿಂತ ಹಿರಿಯ ಸಸಿಯನ್ನು ಕೆಲವೇ ವಾರಗಳಲ್ಲಿ ಹಿಂದಿಕ್ಕುವುದುಂಟು. ದೀರ್ಘಕಾಲ ಬೇಡುವ ಪಾರ್ಸ್‌ನಿಪ್ ಗೆಡ್ಡೆ ಸ್ವಲ್ಪ ಸಣ್ಣದಾಗಬಹುದು. ಕ್ಯಾರೆಟ್ಟಿಗಾದರೋ ತಡದಿಂದ ಒಂದು ಲಾಭವೇ ಉಂಟು. ಅದರ ಬೇರನ್ನು ಕೊರೆಯುವ ಹುಳುವಿನ ತಾಯಿನೊಣದ ಮೊದಲನೆಯ ತಲೆಮಾರು ಮೇ, ಜೂನ್ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ಜೂನ್ ಮಧ್ಯದ ಮೇಲೆ ಬಿತ್ತಿದ ಕ್ಯಾರೆಟ್ ಮೊಳೆಯುವ ಹೊತ್ತಿಗೆ ಆ ನೊಣಗಳ ಕಾಲ ಮುಗಿದಿರುತ್ತದೆ.