ಬೆಳೆ ಕಾಯೋ ಬಂದೂಕು: ಹೆಗಲಿಗೇರಿಸುವ ಮುನ್ನ ಇಷ್ಟು ಗೊತ್ತಿರಲಿ

ಗುಂಡ್ಲುಪೇಟೆ: ಮುಸುಕಿನ ಜೋಳ ಕಾಳು ಕಟ್ಟುತ್ತಿದ್ದಂತೆ ಬಂಡೀಪುರ ಕಾಡಂಚಿನ ಜಮೀನುಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಟಾರ್ಚು, ಪಟಾಕಿ, ತಮಟೆ ಜೊತೆಗೆ ಕೆಲವರ ಕೈಯಲ್ಲಿ ಲೈಸೆನ್ಸ್ ಬಂದೂಕೂ ಇರುತ್ತದೆ. ಹೊಸದಾಗಿ ಬಂದೂಕು ಹಿಡಿಯುವ ಯುವಕರು ಎರಡು ಮಾತು ಮೊದಲೇ ತಿಳಿದಿರಬೇಕು. ಒಂದು, ಬೆಳೆ ರಕ್ಷಣೆ ಲೈಸೆನ್ಸ್ ಅಂದ್ರೆ ಬೇಟೆಗೆ ಅನುಮತಿ ಅಲ್ಲ. ಎರಡು, ಕತ್ತಲಲ್ಲಿ ಹಾರಿದ ಚರೆಗೆ ಹಂದಿ ಯಾವುದು, ಪಕ್ಕದ ಜಮೀನಿನ ಕಾವಲುಗಾರ ಯಾರು ಅನ್ನೋದು ಗೊತ್ತಾಗಲ್ಲ.

ಬೇಟೆ ಆಡಬಹುದಾ?

ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂದ ಮೇಲೆ ಹಳೆಯ ಬೇಟೆ ಪರವಾನಗಿ ಪದ್ಧತಿಯೇ ಹೋಯಿತು. ಪ್ರಾಣಿ ಕೊಲ್ಲುವುದಷ್ಟೇ ಅಲ್ಲ, ಕೊಲ್ಲಲು ಪ್ರಯತ್ನಿಸುವುದು, ಉರುಳು ಹಾಕುವುದು, ವಿಷ ಇಡುವುದೂ ಕಾನೂನಿನ ಲೆಕ್ಕದಲ್ಲಿ ಬೇಟೆಯೇ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು.

ಹಂದಿ ಬೆಳೆ ಹಾಳು ಮಾಡ್ತಿದೆ ಅಂತ ರೈತರೇ ತೀರ್ಮಾನಿಸಿ ಹೊಡೆಯುವಂತಿಲ್ಲ. ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಹೊಡೆದರೆ ವಿನಾಯಿತಿ ಇದೆ. ಆದರೆ ಕಾನೂನು ಮೀರಿ ಬೇಟೆಗೆ ಹೋದವರಿಗೆ ಈ ವಿನಾಯಿತಿ ಸಿಗುವುದಿಲ್ಲ.

ಲೈಸೆನ್ಸ್ ಯಾರಿಗೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆಂದು ಹೇಳಿರುವುದು ಮುಖ್ಯವಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ ಬಂದ ಮೇಲೆ ಜಿಲ್ಲಾಡಳಿತ ತೀರ್ಮಾನಿಸುತ್ತದೆ. 2016ರ ನಿಯಮಗಳಲ್ಲಿ ಬಂದೂಕು ಸುರಕ್ಷತೆಯ ತರಬೇತಿಯನ್ನೂ ಸೇರಿಸಲಾಗಿದೆ.

ನಮ್ಮ ಜಿಲ್ಲೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು. ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಜೀವಿಧಾಮ ಎಲ್ಲವೂ ಇರುವ ಜಿಲ್ಲೆಯಿದು. ಹಂಗಳ ಹೋಬಳಿ, ಪುಣಜನೂರು ಕಡೆಯ ಕಾಡಂಚಿನ ಹಳ್ಳಿಗಳಿಗೆ ಈ ಷರತ್ತು ನೇರವಾಗಿ ತಟ್ಟುತ್ತದೆ.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ" ಅನ್ನೋ ಮಾತಿದೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ. ಚಾಮರಾಜನಗರಕ್ಕೆ ಅನ್ವಯವಿಲ್ಲ.

ಅಪ್ಪನ ಬಂದೂಕು ಮನೇಲೇ ಇದೆ, ಏನ್ಮಾಡೋದು?

ಲೈಸೆನ್ಸ್ ವ್ಯಕ್ತಿಗೆ ಕೊಟ್ಟಿದ್ದು, ಮನೆಗಲ್ಲ. ತಂದೆ ತೀರಿಕೊಂಡರೆ ಅಥವಾ ಲೈಸೆನ್ಸ್ ಅವಧಿ ಮುಗಿದರೆ ಬಂದೂಕನ್ನು ತಡ ಮಾಡದೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಡೀಲರ್‌ಗೋ ಒಪ್ಪಿಸಿ, ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬಹುದು. ಲೈಸೆನ್ಸ್ ಇಲ್ಲದೆ ಅಟ್ಟದ ಮೇಲೆ ಬಚ್ಚಿಟ್ಟರೆ, 2019ರ ತಿದ್ದುಪಡಿ ಪ್ರಕಾರ 2ರಿಂದ 5 ವರ್ಷ ಜೈಲು ಮತ್ತು ದಂಡ. ನಾಡ ಬಂದೂಕು ಅಂತ ರಿಯಾಯಿತಿ ಇಲ್ಲ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡಲು ಆದೇಶವಾದರೆ ಅದನ್ನೂ ಪಾಲಿಸಬೇಕು.

ಕೈಗೆತ್ತಿಕೊಂಡಾಗ

* ಪ್ರತಿ ಬಂದೂಕೂ ತುಂಬಿದೆ ಅಂತಲೇ ತಿಳಿಯಿರಿ. "ಖಾಲಿ ಇದೆ" ಅಂತ ಯಾರೇ ಕೊಟ್ಟರೂ ನೀವೇ ಪರೀಕ್ಷಿಸಿ.
* ನಳಿಗೆಯ ಬಾಯಿ ಯಾವತ್ತೂ ಮನುಷ್ಯರ ಕಡೆ, ದನಕರುಗಳ ಕಡೆ ತಿರುಗಿರಬಾರದು.
* ಹಾರಿಸುವ ಕ್ಷಣದವರೆಗೂ ಬೆರಳು ಟ್ರಿಗರ್‌ನಿಂದ ಹೊರಗಿರಲಿ.
* ಸದ್ದು ಬಂದ ಕಡೆ, ಜೋಳದ ಪೈರು ಅಲ್ಲಾಡಿದ ಕಡೆ ಹಾರಿಸಬೇಡಿ. ಪೈರು ಚರೆಯನ್ನು ತಡೆಯುವುದಿಲ್ಲ. ಆ ಕಡೆ ನೀರು ಹಾಯಿಸಲು ಬಂದವರೂ ಇರಬಹುದು.
* ಬಂಡೆ, ಗಟ್ಟಿ ನೆಲಕ್ಕೆ ಬಿದ್ದ ಚರೆ ಸಿಡಿದು ದಿಕ್ಕು ಬದಲಿಸುತ್ತದೆ.
* ಅಟ್ಟಣೆ ಹತ್ತುವಾಗ, ಬೇಲಿ ದಾಟುವಾಗ, ಬೈಕಿನಲ್ಲಿ ಹೋಗುವಾಗ ಬಂದೂಕು ತುಂಬಿರಬಾರದು.
* ಕುಡಿದವರ ಕೈಗೆ ಬಂದೂಕು ಕೊಡಲೇಬೇಡಿ.

ಕೇಪಿನ ಬಂದೂಕಿನಲ್ಲಿ ಹೆಚ್ಚು ಎಚ್ಚರ ಬೇಕಾದ ಗಳಿಗೆ ಯಾವುದು? ಕೇಪು ಸಿಡಿದು ಮದ್ದು ಹತ್ತದೇ ಇದ್ದಾಗ. "ಟುಸ್ ಅಂತು" ಎಂದು ತಕ್ಷಣ ನಳಿಗೆಯೊಳಗೆ ಇಣುಕುವುದು ಪ್ರಾಣಕ್ಕೇ ಕುತ್ತು. ಒಳಗಿನ ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು. ತೇವದ ಮದ್ದು, ತುಕ್ಕು ಹಿಡಿದ ನಳಿಗೆ ಎರಡೂ ಅಪಾಯ. ಅಳತೆ ಮೀರಿ ಮದ್ದು ತುಂಬಿದರೆ ನಳಿಗೆಯೇ ಒಡೆದು ಹಾರಿಸಿದವರ ಕೈ, ಕಣ್ಣು ಹೋಗಬಹುದು.

ಮನೆಗೆ ಬಂದ ಮೇಲೆ ಬಂದೂಕು ಖಾಲಿ ಮಾಡಿ ಬೀಗ ಹಾಕಿಡಿ. ಮದ್ದು, ಕೇಪು ಬೇರೆ ಕಡೆ, ಒಲೆಯಿಂದ ದೂರ, ಮಕ್ಕಳಿಗೆ ಸಿಗದಂತೆ ಇರಲಿ.

ಆನೆ ಬಂದರೆ?

ಚರೆಯಿಂದ ಆನೆ ಸಾಯುವುದಿಲ್ಲ, ಗಾಯಗೊಂಡು ಕೆರಳುತ್ತದೆ. ಅದರ ಸಿಟ್ಟು ಮುಂದೆ ಸಿಕ್ಕವರ ಮೇಲೆ ತೀರುತ್ತದೆ. ದೂರ ಸರಿದು ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಬೆಳೆ ಹಾನಿಯಾಗಿದ್ದರೆ ಫೋಟೊ ತೆಗೆದುಕೊಂಡು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಬಹುದು.

ಯಾರಿಗಾದರೂ ಚರೆ ತಗುಲಿದರೆ ಅದನ್ನು ಕೀಳಲು ಹೋಗದೆ, ಗಾಯದ ಮೇಲೆ ಶುಭ್ರ ಬಟ್ಟೆ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಕೇಸಿಗೆ ಹೆದರಿ ಗಾಯಾಳುವನ್ನು ಮನೆಯಲ್ಲೇ ಇಟ್ಟುಕೊಂಡರೆ ಉಳಿಯಬೇಕಾದ ಜೀವವೂ ಹೋಗುತ್ತದೆ.