ಮಧುಮೇಹ ಸಂವಾದ ನಕ್ಷೆ

ಮಧುಮೇಹ ಸಂವಾದ ನಕ್ಷೆಯು ಮಧುಮೇಹಿಗಳಿಗೆ ಗುಂಪಿನಲ್ಲಿ ಆರೋಗ್ಯ ಶಿಕ್ಷಣ ನೀಡಲು ಬಳಸುವ ಸಚಿತ್ರ ಬೋಧನಾ ಸಾಧನವಾಗಿದೆ. ಇದನ್ನು ಅಮೆರಿಕದ ಹೆಲ್ದಿ ಇಂಟರ್ಯಾಕ್ಷನ್ಸ್ ಸಂಸ್ಥೆಯು ರೂಪಿಸಿತು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಸಹಯೋಗ ಹಾಗೂ ಔಷಧ ತಯಾರಿಕಾ ಸಂಸ್ಥೆಯಾದ ಎಲಿ ಲಿಲ್ಲಿಯ ಪ್ರಾಯೋಜಕತ್ವದಿಂದ ಇದು ಹಲವು ದೇಶಗಳಲ್ಲಿ ಬಳಕೆಗೆ ಬಂದಿತು.

ಸ್ವರೂಪ

ನಕ್ಷೆಯು ಸುಮಾರು ೫ ಅಡಿ ಉದ್ದ ಮತ್ತು ೩ ಅಡಿ ಅಗಲವಾಗಿರುತ್ತದೆ. ಇದನ್ನು ಮೇಜಿನ ಮೇಲೆ ಹರಡಿ, ಸುತ್ತಲೂ ೩ರಿಂದ ೧೦ ಮಂದಿ ಕುಳಿತು ಚರ್ಚಿಸುತ್ತಾರೆ. ಮಧುಮೇಹದೊಂದಿಗೆ ಬದುಕುವುದು, ಆಹಾರ ಮತ್ತು ವ್ಯಾಯಾಮ, ಇನ್ಸುಲಿನ್ ಚಿಕಿತ್ಸೆಯ ಆರಂಭ ಮುಂತಾದ ವಿಷಯಗಳಿಗೆ ಪ್ರತ್ಯೇಕ ನಕ್ಷೆಗಳಿವೆ. ಚಿತ್ರಗಳ ಜೊತೆಗೆ ಪ್ರಶ್ನೆಗಳನ್ನು ಬರೆದ ಚೀಟಿಗಳೂ ಇರುತ್ತವೆ. ತರಬೇತಿ ಪಡೆದ ದಾದಿ, ಆಹಾರ ತಜ್ಞರು ಅಥವಾ ಇತರ ಆರೋಗ್ಯ ಕಾರ್ಯಕರ್ತರು ಸುಗಮಕಾರರಾಗಿರುತ್ತಾರೆ. ಅವರು ಉಪನ್ಯಾಸ ಮಾಡುವುದಿಲ್ಲ. ಪ್ರಶ್ನೆ ಕೇಳಿ, ರೋಗಿಗಳೇ ಮಾತನಾಡುವಂತೆ ಮಾಡುತ್ತಾರೆ. ಉದಾಹರಣೆಗೆ, ಇನ್ಸುಲಿನ್ ಚುಚ್ಚುಮದ್ದಿಗೆ ಒಬ್ಬರು ಅಂಜಿದರೆ, ಅದನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವ ಮತ್ತೊಬ್ಬರು ತಮ್ಮ ಅನುಭವ ಹೇಳಬಹುದು. ಮಾತಿನ ನಡುವೆ ತಪ್ಪು ತಿಳಿವಳಿಕೆ ಕಂಡುಬಂದರೆ ಅದನ್ನು ತಿದ್ದುವುದು ಸುಗಮಕಾರರ ಹೊಣೆ.

ಆರೋಗ್ಯ ಕಾರ್ಯಕರ್ತರ ದೃಷ್ಟಿ

ರೋಗಿಗಳು ಒಬ್ಬರಿಂದೊಬ್ಬರು ಕಲಿಯುವುದು, ವೈದ್ಯರ ಮುಂದೆ ಹೇಳಲು ಹಿಂಜರಿಯುವ ಸಂದೇಹಗಳು ಹೊರಬರುವುದು ಹಾಗೂ ಓದಲು ಕಷ್ಟಪಡುವವರಿಗೆ ಚಿತ್ರಗಳು ನೆರವಾಗುವುದು ಇಂತಹ ಸಾಧನಗಳ ಗುಣಗಳೆಂದು ಆರೋಗ್ಯ ಕಾರ್ಯಕರ್ತರು ಪರಿಗಣಿಸುತ್ತಾರೆ. ಅದೇ ವೇಳೆಗೆ ಕೆಲವು ತೊಡಕುಗಳೂ ಇವೆ. ಹೇಳಿಕೊಡುವುದನ್ನೇ ರೂಢಿಸಿಕೊಂಡವರಿಗೆ ಸುಮ್ಮನಿದ್ದು ಆಲಿಸುವುದು ಸುಲಭವಲ್ಲ. ಒಬ್ಬರೇ ಮಾತನಾಡಿ ಉಳಿದವರು ಮೌನವಾಗುವ ಸಂಭವವಿದೆ. ಚರ್ಚೆಗೆ ಸಮಯ, ಸ್ಥಳ ಮತ್ತು ಸಿಬ್ಬಂದಿ ಬೇಕು. ಚಿತ್ರದಲ್ಲಿರುವ ಆಹಾರವು ಸ್ಥಳೀಯ ಊಟಕ್ಕೆ ಹೊಂದದಿದ್ದರೆ ರೋಗಿಗೆ ಅದು ತನ್ನದೆನಿಸದು. ಔಷಧ ಸಂಸ್ಥೆಯ ಪ್ರಾಯೋಜಕತ್ವವಿರುವಾಗ ಶಿಕ್ಷಣವು ನಿಷ್ಪಕ್ಷಪಾತವಾಗಿರಬೇಕೆಂಬ ಎಚ್ಚರವೂ ಅಗತ್ಯ.

ಪರಿಣಾಮ

ಅಮೆರಿಕದ ಮಿನ್ನೆಸೋಟ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳಲ್ಲಿ ಟೈಪ್ ೨ ಮಧುಮೇಹವಿದ್ದ ೬೨೩ ವಯಸ್ಕರ ಮೇಲೆ ನಡೆದ ಪ್ರಯೋಗದ ಫಲಿತಾಂಶ ೨೦೧೧ರಲ್ಲಿ ಪ್ರಕಟವಾಯಿತು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ೧ಸಿ ಪ್ರಮಾಣವು ವೈಯಕ್ತಿಕ ಶಿಕ್ಷಣ ಪಡೆದವರಲ್ಲಿ ೦.೫೧, ನಕ್ಷೆಯ ಮೂಲಕ ಗುಂಪಿನಲ್ಲಿ ಕಲಿತವರಲ್ಲಿ ೦.೨೭ ಹಾಗೂ ಸಾಮಾನ್ಯ ಆರೈಕೆಯಲ್ಲಿದ್ದವರಲ್ಲಿ ೦.೨೪ ಶೇಕಡಾಂಶದಷ್ಟು ಇಳಿದಿತ್ತು. ಆದ್ದರಿಂದ ಗುಂಪು ಚರ್ಚೆಯು ರೋಗಿಯೊಬ್ಬರಿಗೆ ನೀಡುವ ಪ್ರತ್ಯೇಕ ಸಲಹೆಗೆ ಪೂರಕವಾಗಬಹುದೇ ಹೊರತು, ಅದರ ಸ್ಥಾನವನ್ನು ತುಂಬುತ್ತದೆಂದು ಭಾವಿಸಲಾಗದು.