ಬಾಗಿಲಿಗೆ ಕಿವಿಗೊಟ್ಟಾಗ

ಗೋಡೆಗೂ ಕಿವಿಯುಂಟೆಂಬುದು ಲೋಕರೂಢಿಯ ಮಾತು. ಗೋಡೆಯಾಚೆಯ ಸದ್ದು ಮನುಷ್ಯನ ಕಿವಿಗೆ ಎಷ್ಟು ಬೀಳುವುದೆಂಬುದನ್ನು ದಾಳ ಉರುಳಿಸಿ ನಿರ್ಣಯಿಸುವ ಆಟವೂ ಒಂದುಂಟು. ಅದೇ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು.

ಮೇಜಿನ ಸುತ್ತ ಕುಳಿತ ನಾಲ್ಕಾರು ಮಂದಿ ಒಂದೊಂದು ಪಾತ್ರ ವಹಿಸುತ್ತಾರೆ, ಒಬ್ಬಾತ ಸೂತ್ರಧಾರ. ನೆಲಮಾಳಿಗೆಯ ಕತ್ತಲೆ, ಮುಚ್ಚಿದ ಕದ, ಅದರಾಚೆಯ ರಾಕ್ಷಸ—ಎಲ್ಲವೂ ಆತನ ಮಾತಿನಿಂದಲೇ ಮೂಡತಕ್ಕವು. ಕಣ್ಣು ಸೋತಲ್ಲಿ ಕಿವಿಯೇ ದಾರಿದೀಪ.

ಮೌನದ ಮೂರು ಅರ್ಥ

ಮೊದಲ ನಿಯಮ ಸರಳವಾಗಿತ್ತು. ಬಾಗಿಲಿಗೆ ಕಿವಿಗೊಟ್ಟ ಮನುಷ್ಯನಿಗೆ ಆರು ಮುಖದ ದಾಳದಲ್ಲಿ 1 ಬಿದ್ದರೆ ಸದ್ದು ಕೇಳಿಸುವುದು. ಎಲ್ಫ್, ಡ್ವಾರ್ಫ್ ಮೊದಲಾದವರಿಗೆ 1 ಅಥವಾ 2 ಬಿದ್ದರೂ ಸಾಕು. ಪ್ರೇತಗಳು ಮಾತ್ರ ಎಂದೂ ಸದ್ದು ಮಾಡವು. ಆದ್ದರಿಂದ ಏನೂ ಕೇಳಿಸಲಿಲ್ಲವೆಂದರೆ ಮೂರು ಅರ್ಥ: ಒಳಗೆ ಯಾರೂ ಇಲ್ಲ, ಇದ್ದಾರೆ, ಕಿವಿಗೆ ಬೀಳಲಿಲ್ಲ, ಇಲ್ಲವೇ ಒಳಗಿರುವುದು ಪ್ರೇತ!

ಆಟದ ಸ್ವಾರಸ್ಯವೆಲ್ಲ ಈ ಸಂದೇಹದಲ್ಲಿದೆ. ದಾಳವನ್ನು ಆಟಗಾರನೇ ಎಸೆದು 6 ಬಿದ್ದುದನ್ನು ಕಂಡರೆ ತನ್ನ ಕಿವಿ ಸೋತಿತೆಂಬ ಗುಟ್ಟು ಅವನಿಗೆ ತಿಳಿದುಹೋಯಿತು. ಅದಕ್ಕಾಗಿ ಸೂತ್ರಧಾರನೇ ಮರೆಯಲ್ಲಿ ದಾಳ ಎಸೆಯುವ ಪದ್ಧತಿ ಬಂದಿತು. ಇದಕ್ಕೆ ಪರಸ್ಪರ ನಂಬಿಕೆಯೇ ಆಧಾರ. ಅದು ತಪ್ಪಿದರೆ ಆಟವೇ ಮುಗಿಯಿತು.

ಬಾಗಿಲು ಬಾಗಿಲಿಗೂ ಕಿವಿ ಹಚ್ಚುವವರಿಗೆ 1977ರ ಗ್ರಂಥವೊಂದು ಭಯಂಕರ ಎಚ್ಚರಿಕೆಯನ್ನಿತ್ತಿತು. ಮರದಲ್ಲಿ ಅಡಗಿದ್ದು, ಕಿವಿಯೊಳಕ್ಕೆ ಹೊಕ್ಕು ಮೊಟ್ಟೆಯಿಡುವ ಕೀಟವೊಂದನ್ನು ಅದು ವರ್ಣಿಸಿತು!

ಪಿಸುಮಾತಿಗೂ ಲೆಕ್ಕ

2000ದ ನಿಯಮಗಳು ಸದ್ದನ್ನು ಅಳೆದು ತೂಗಿದವು. ಇಪ್ಪತ್ತು ಮುಖದ ದಾಳಕ್ಕೆ ಪಾತ್ರದ ಕುಶಲತೆಯನ್ನು ಕೂಡಿಸಿದ ಮೊತ್ತ ಇಂತಿಷ್ಟಾಗಬೇಕು: ಮಾತುಕತೆಗೆ 0, ಪಿಸುಮಾತಿಗೆ 15, ಹೊಂಚುವ ಬೆಕ್ಕಿಗೆ 19, ಬೇಟೆಗೆರಗುವ ಗೂಬೆಗೆ 30. ಪ್ರತಿ ಹತ್ತಡಿ ದೂರಕ್ಕೆ 1, ನಡುವೆ ಬಾಗಿಲಿದ್ದರೆ 5, ಕಲ್ಲುಗೋಡೆಯಿದ್ದರೆ 15 ಹೆಚ್ಚು.

ಲೆಕ್ಕ ಸೊಗಸೇನೋ ಹೌದು. ಪ್ರಕೃತಿಯ ಲೆಕ್ಕವೇ ಬೇರೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ತಗ್ಗುವುದು. ಕಲ್ಲಿನ ಓಣಿಯಲ್ಲಿ ಮಾರ್ದನಿಗೊಂಡು ಬಹುದೂರ ಸಾಗುವುದು. ಇಂಥ ಕಡೆ ಪುಸ್ತಕವನ್ನು ಬದಿಗಿಟ್ಟು ಮನೆಯ ನಿಯಮ ಮಾಡಿಕೊಳ್ಳುವುದೇ ಲೇಸು.

ಮನೆಯ ಕಟ್ಟಳೆಗಳು

ಸದ್ದು ಎರಡು ಅಲಗಿನ ಕತ್ತಿ. ಕೇಳುವವನ ಸದ್ದೂ ಶತ್ರುವಿಗೆ ಕೇಳಿಸುವುದು. 2014ರ ನಿಯಮಗಳಲ್ಲಿ ಬೀಗ ತೆರೆಯುವ ಮಂತ್ರವೊಂದರ ಬಡಿತ 300 ಅಡಿ ದೂರಕ್ಕೂ ಕೇಳಿಸತಕ್ಕದ್ದು. ಕದ ಒಡೆದರೆ, ಕೂಗಾಡಿದರೆ, ಅಲೆಯುವ ರಾಕ್ಷಸ ಬಂದನೇ ಎಂದು ಸೂತ್ರಧಾರ ಮತ್ತೊಮ್ಮೆ ದಾಳ ಎಸೆಯಬಹುದು. ಮೇಜಿನಲ್ಲಿ ಆಡಿದ ಮಾತೆಲ್ಲ ನೆಲಮಾಳಿಗೆಯಲ್ಲೂ ಆಡಿದಂತೆಯೇ ಎಂಬ ಕಟ್ಟಳೆಯನ್ನೂ ಇಟ್ಟುಕೊಳ್ಳಬಹುದು. ಆಗ ಗದ್ದಲ ತಾನಾಗಿಯೇ ಅಡಗುವುದು.

ಅದರಿಂದ ಇನ್ನೊಂದು ಉಪಕಾರವೂ ಉಂಟು. ಎಲ್ಲರೂ ಒಮ್ಮೆಗೇ ಮಾತನಾಡಿದರೆ, ಕಿವಿ ಮಂದವಾದವರು ಆಟದಿಂದಲೇ ಹೊರಗುಳಿಯುತ್ತಾರೆ. ಒಮ್ಮೆಗೆ ಒಬ್ಬರೇ ಮಾತನಾಡುವುದು, ಗುಟ್ಟಿನ ಮಾತನ್ನು ಚೀಟಿಯಲ್ಲಿ ಬರೆದುಕೊಡುವುದು—ಇವೆರಡು ಇದ್ದರೆ ತಾತನೂ ಮೊಮ್ಮಗನೂ ಒಂದೇ ಮೇಜಿನಲ್ಲಿ ಕುಳಿತು ಆಡಬಹುದು. ಪಾತ್ರದ ಕಿವಿ ದಾಳದ ಅಧೀನ. ಜೊತೆಯವರ ಮಾತಿಗೆ ಕಿವಿಗೊಡುವುದು ಮಾತ್ರ ಆಡುವವರ ಕೈಯಲ್ಲೇ ಇದೆ.